ರಿಪೇರಿಯೇ ಸಾಕು ಅಂದವನು

"ರಿಪೇರಿ ಮಾಡಿದ್ರೆ ಸಾಕು," ಎಂದ ಎಲಾಯ್, ಟ್ರೇಲರ್ ಮನೆಯ ಚಾವಣಿಯ ಮೇಲೆ, ಏಸಿಯ ಪಕ್ಕ ಮಂಡಿಯೂರಿಕೊಂಡು.

ಕೆಳಗೆ ಏಣಿ ಹಿಡಿದು ನಿಂತಿದ್ದ ಮಾರ್ನಿಗೆ ಅವನ ಮುಖ ಕಾಣಲಿಲ್ಲ. ಹ್ಯಾಟಿನ ಅಂಚು ಕಂಡಿತು, ಅದರ ಹಿಂದೆ ಅರಿಜೋನಾದ ಬಿಸಿಲು ಕಂಡಿತು. ಏಪ್ರಿಲ್ ಇನ್ನೂ ಮುಗಿದಿರಲಿಲ್ಲ, ಆಗಲೇ ಏಣಿ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು.

"ಸಾಕು ಅಂದ್ರೆ?"

"ಕೆಪ್ಯಾಸಿಟರ್ ಸುಟ್ಟುಹೋಗಿದೆ, ಬೇರೆ ಹಾಕ್ತೀನಿ. ಕಂಪ್ರೆಸರ್ ಸೊರಗಿದೆ, ಆದ್ರೂ ಓಡುತ್ತೆ. ನೀವು ಮಿನೆಸೋಟ ಮುಟ್ಟೋವರೆಗೆ ಏನೂ ತೊಂದ್ರೆ ಇಲ್ಲ."

"ಇಲ್ಲೇ ಇದ್ರೆ?"

"ಇಲ್ಲಿಯ ಬೇಸಿಗೆಗೆ ಇದು ತಡೆಯಲ್ಲ, ಜೂನಲ್ಲೇ ಕೈ ಕೊಡುತ್ತೆ. ಇಲ್ಲಿರೋರಿಗಾದ್ರೆ ಹೊಸ ಏಸಿನೇ ಬೇಕು." ಅವನೇ ಸೇರಿಸಿದ, "ಬೇಸಿಗೇಲಿ ಇಲ್ಲಿ ಯಾರಿರ್ತಾರೆ ಬಿಡಿ. ಹಲ್ಲಿಗಳು, ಪಕ್ಕದ ಟ್ರೇಲರಿನ ಬರ್ನೀಸ್, ನಾನು."

ಏಣಿಯನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿಬಿಡೋಣ ಎನಿಸಿತು ಮಾರ್ನಿಗೆ. ಇನ್ನೆಷ್ಟು ಬಿಡಿಸಿ ಕೇಳಬೇಕು ಇವನನ್ನು? 'ಇಲ್ಲೇ ಇದ್ರೆ' ಎಂದು ಹೆಣ್ಣೊಬ್ಬಳು ಬಾಯಿಬಿಟ್ಟು ಕೇಳಿದರೆ, ಈ ಪುಣ್ಯಾತ್ಮ ಹಲ್ಲಿಗಳ ಲೆಕ್ಕ ಒಪ್ಪಿಸುತ್ತಾನೆ.

"ಹಾಗಾದ್ರೆ ರಿಪೇರಿನೇ ಮಾಡಿ," ಎಂದಳು.

"ನಾಳೆ ಬೆಳಗ್ಗೆ ಕೆಪ್ಯಾಸಿಟರ್ ತರ್ತೀನಿ."

ಅವನು ಇಳಿದು ಬಂದ. ಕೊನೆಯ ಮೆಟ್ಟಿಲಲ್ಲಿ ಇಬ್ಬರ ಮುಖಗಳೂ ಒಂದೇ ಎತ್ತರಕ್ಕೆ ಬಂದವು. ಎಲಾಯ್‌ನ ರೆಪ್ಪೆಗಳ ಮೇಲೆ ಮರಳಿನ ಸಣ್ಣ ಪುಡಿ ಕೂತಿತ್ತು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕಾದಳು.

"ಕವರ್ ತೆಗೆದಿಟ್ಟಿದ್ದೀನಿ, ಮತ್ತೆ ಹಾಕ್ಬೇಡಿ," ಎಂದು ಹೇಳಿ ಪಿಕಪ್ ಹತ್ತಿ ಹೋದ.

ಆ ಕವರಿನ ಕಥೆ ಹೇಳಿಬಿಡಬೇಕು. ಚಳಿಗಾಲದ ಧೂಳುಗಾಳಿಗೆ ಹೆದರಿ ಟ್ರೇಲರಿನವರು ಚಾವಣಿಯ ಏಸಿಗೆ ದಪ್ಪ ಬಟ್ಟೆಯ ಕವರ್ ಹೊದಿಸುತ್ತಾರೆ. ಬಿಸಿಲು ಬಂದಾಗ ಅದನ್ನು ತೆಗೆಯುವುದು ಮರೆತು ಸ್ವಿಚ್ ಒತ್ತುವವರು ಪ್ರತಿ ವರ್ಷವೂ ಒಬ್ಬರಾದರೂ ಇರುತ್ತಾರೆ. ಟ್ರೇಲರ್‌ಗಳು ನಿಲ್ಲುವ ಈ ಪಾರ್ಕಿನವರೆಲ್ಲ ಸೇರಿ ಅವರನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಹೋದ ವರ್ಷ ಎಲ್ಲರಿಗಿಂತ ಜೋರಾಗಿ ನಕ್ಕವಳು ಮಾರ್ನಿ. ಈ ವರ್ಷ ಅರ್ಧ ದಿನ ಕವರಿನೊಳಗೇ ಏಸಿ ಓಡಿಸಿ, ಸುಟ್ಟ ವಾಸನೆ ಬಂದ ಮೇಲೆ ಹಣೆ ಚಚ್ಚಿಕೊಂಡವಳೂ ಅವಳೇ.

ಐವತ್ಮೂರರ ಮಾರ್ನಿ ಗಂಡನಿಂದ ಬೇರೆಯಾದ ಮೇಲೆ ಮಿನೆಸೋಟದ ಮನೆ ಮಾರಿ ಈ ಟ್ರೇಲರ್ ಕೊಂಡಿದ್ದಳು. ಹಿಮ ಬೀಳುವ ಮುಂಚೆ ಅದನ್ನು ಪಿಕಪ್‌ಗೆ ಕಟ್ಟಿಕೊಂಡು ಈ ಮರುಭೂಮಿಗೆ ಬರುವುದು, ಬಿಸಿಲೇರುವ ಮುಂಚೆ ಹಿಂದಿರುಗಿ ತಂಗಿಯ ಮನೆಯ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು. ಚಳಿಗಾಲಕ್ಕೆ ಬಂದವರೆಲ್ಲರೂ ಮಾಡುವುದು ಇದನ್ನೇ. ಇದು ಅವಳ ಮೂರನೆಯ ಚಳಿಗಾಲ. ಹೋಗಲು ಮನಸ್ಸಿಲ್ಲದ ಮೊದಲನೆಯ ಏಪ್ರಿಲ್.

ಕಾರಣ ಎಲಾಯ್ ಕಿಂಟೇರೋ. ಇದೇ ಊರಿನವನು, ವರ್ಷವಿಡೀ ಇಲ್ಲೇ ಇರುವವನು, ಪಾರ್ಕಿನ ಟ್ರೇಲರ್‌ಗಳ ರಿಪೇರಿಯೆಲ್ಲ ಅವನದೇ. ಶುಕ್ರವಾರದ ಸಂಜೆಗಳಲ್ಲಿ ಪಾರ್ಕಿನ ಹಾಲ್‌ನಲ್ಲಿ ಎಲ್ಲರೂ ಸೇರಿ ಡಾಮಿನೋ ಆಡುವಾಗ ಅವನು ಅವಳೆದುರಿಗೇ ಕೂರುತ್ತಿದ್ದ. ಪ್ರತಿ ಸಲವೂ ಗೆಲ್ಲುತ್ತಿದ್ದ.

"ಹೇಗೆ ಗೆಲ್ತೀರಿ ನೀವು?" ಎಂದು ಒಂದು ದಿನ ಅವಳು ರೇಗಿದ್ದಳು.

"ನಿಮ್ಮ ಕನ್ನಡಕದಲ್ಲಿ ನಿಮ್ಮ ಕಾಯಿಗಳೆಲ್ಲ ಕಾಣ್ತವೆ."

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವನು ಅವಳ ಕಣ್ಣುಗಳನ್ನೇ ನೋಡುತ್ತ ಆಟ ಮುಂದುವರಿಸಿದ. ಆ ಸಂಜೆ ಅವನು ಮೊದಲ ಬಾರಿಗೆ ಸೋತ. ಮಾರ್ನಿ ಅಂದಿನಿಂದ ಶುಕ್ರವಾರಕ್ಕಾಗಿ ಕಾಯತೊಡಗಿದಳು, ಹೊಸ ಲಿಪ್‌ಸ್ಟಿಕ್ ಕೊಂಡಳು, ಕೊಂಡಿದ್ದಕ್ಕೆ ನಾಚಿಕೊಂಡಳು.

ಆದರೆ ಅವನು ಒಂದು ಮಾತೂ ಆಡಲಿಲ್ಲ. ಇಡೀ ಚಳಿಗಾಲ ತಿನ್ನಲು ಮೆಕ್ಕೆಜೋಳದ ತಮಾಲೆ ಕಟ್ಟಿಸಿಕೊಂಡು ಬಂದು ಕೊಟ್ಟ, ನೀರಿನ ಪೈಪು ಸರಿ ಮಾಡಿದ, ಗಾಳಿ ಎದ್ದಾಗ ಬಂದು ಅವಳ ಟ್ರೇಲರಿನ ನೆರಳುಬಟ್ಟೆ ಸುತ್ತಿಟ್ಟ. ಮಾತು ಮಾತ್ರ ಇಲ್ಲ. ಈಗ ನೋಡಿದರೆ ರಿಪೇರಿ ಸಾಕಂತೆ.

ಒಳಗೆ ಕೂರಲಾಗದಷ್ಟು ಧಗೆ. ಮಾರ್ನಿ ಒದ್ದೆ ಟವೆಲು ಕುತ್ತಿಗೆಗೆ ಸುತ್ತಿಕೊಂಡು ಪಕ್ಕದ ಟ್ರೇಲರಿಗೆ ಹೋದಳು. ಅದು ಬರ್ನೀಸಳದ್ದು. ಎಪ್ಪತ್ತೆಂಟು ದಾಟಿದರೂ ವರ್ಷವಿಡೀ ಅಲ್ಲೇ ಇರುವ ಮುದುಕಿ. ಅವಳ ಏಸಿ ತಣ್ಣಗೆ ಗುರುಗುಟ್ಟುತ್ತಿತ್ತು. ಅವಳು ಐಸ್ ತುಂಬಿದ ಟೀಯನ್ನು ಮುಂದೆ ತಳ್ಳಿದಳು.

"ಏನಂತೆ ಕಣೇ ನಿನ್ನ ಏಸಿ ಡಾಕ್ಟರು?"

"ರಿಪೇರಿ ಸಾಕಂತೆ."

"ನಿನಗೇನು ಬೇಕಿತ್ತು?"

"ನನಗೇನು ಬೇಕಾದ್ರೂ ಆಗಿರ್ಲಿ. ಹೊಸದು ಹಾಕ್ಸಿ ಅನ್ಬಾರ್ದಿತ್ತಾ? ಹೊಸದು ಹಾಕ್ಸಿ, ಇಲ್ಲೇ ಇರಿ. ಅಷ್ಟೇ ಮಾತು. ಅದಕ್ಕೂ ಬಡತನ ಅವನಿಗೆ."

"ನೀನು ಹೇಳಿದ್ಯಾ, ಇರ್ತೀನಿ ಅಂತ?"

"ನಾನ್ಯಾಕೆ ಹೇಳ್ಲಿ? ಬೇಡದ ಕಡೆ ಟ್ರೇಲರ್ ನಿಲ್ಲಿಸ್ಕೊಂಡು ಕೂರೋಕೆ ನಂಗೇನು ಮಾನ ಇಲ್ವಾ?"

ಬರ್ನೀಸ್ ಟೀಯಲ್ಲಿದ್ದ ಐಸನ್ನು ಚಮಚದಿಂದ ತಿರುಗಿಸಿದಳು. ಅವಳಿಗೆ ಗುಟ್ಟು ಇಟ್ಟುಕೊಳ್ಳುವುದು ಯಾವತ್ತೂ ಆಗಿಬರದ ಕೆಲಸ.

"ಅವನ ಶೆಡ್ಡಲ್ಲಿ ಒಂದು ಹೊಸ ಏಸಿ ಕೂತಿದೆ," ಎಂದಳು. "ಬಿಳೀದು. ಮಾರ್ಚಿಂದ ಅಲ್ಲೇ ಇದೆ. ಯಾರಿಗೆ ಅಂದ್ರೆ ಪಾರ್ಕಿನ ಆಫೀಸಿಗೆ ಅಂತಾನೆ. ಆಫೀಸಿಗೆ ಗೋಡೆ ಏಸಿ ಇದೆಯಲ್ಲೇ, ಟ್ರೇಲರ್ ಚಾವಣಿ ಮೇಲೆ ಕೂರ್ಸೋದು ಅವರಿಗ್ಯಾಕೆ?"

ಮಾರ್ನಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಮಾರ್ಚಿನ ಒಂದು ಶುಕ್ರವಾರ, ಆಟದ ನಡುವೆ ಎಲಾಯ್ ಇದ್ದಕ್ಕಿದ್ದಂತೆ ಕೇಳಿದ್ದ: "ಟ್ರೇಲರ್ ಮೇಲೆ ಕಪ್ಪು ಚೆನ್ನಾಗಿರುತ್ತೋ, ಬಿಳಿಯೋ?" ಬಣ್ಣ ಬಳಿಯುವ ವಿಷಯವೆಂದುಕೊಂಡು, ಈ ಬಿಸಿಲಿಗೆ ಬಿಳಿಯೇ ವಾಸಿ ಎಂದಿದ್ದಳು ಅವಳು.

ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು. ತಂದಿಟ್ಟುಕೊಂಡು ಬಚ್ಚಿಡುವುದೇ? ಬಚ್ಚಿಟ್ಟು, ಹೊರಡಿ ಅನ್ನುವುದೇ?

ಅಷ್ಟರಲ್ಲಿ ಹೊರಗೆ ಹಾರ್ನ್ ಮೂರು ಸಲ ಕೂಗಿತು. ಪಾರ್ಕಿನಿಂದ ಹೊರಡುವವರು ಗೇಟಿನಲ್ಲಿ ಹೀಗೆ ಹಾರ್ನ್ ಹೊಡೆಯುತ್ತಾರೆ, ಉಳಿದವರು ಹೊರಗೆ ಬಂದು ಕೈ ಬೀಸುತ್ತಾರೆ. ಹೋಗಿಬರುತ್ತೇನೆ ಎಂದು ಯಾರೂ ಬಾಯಲ್ಲಿ ಹೇಳುವುದಿಲ್ಲ. ಬರ್ನೀಸ್ ಮೊಣಕಾಲು ಹಿಡಿದುಕೊಂಡು ಎದ್ದು ಬಾಗಿಲಿಗೆ ಹೋಗಿ ಕೈ ಬೀಸಿದಳು. ಮಾರ್ನಿ ಏಳಲಿಲ್ಲ. ಇನ್ನು ನಾಲ್ಕಾರು ದಿನಕ್ಕೆ ಆ ಹಾರ್ನ್ ಹೊಡೆಯಬೇಕಾದವಳು ಅವಳೇ.

ಮರುದಿನ ಬೆಳಗ್ಗೆ ಎಲಾಯ್ ಬಂದಾಗ ಮಾರ್ನಿ ಏಣಿಯ ಮೊದಲ ಮೆಟ್ಟಿಲ ಮೇಲೆ ಕೂತಿದ್ದಳು.

"ಸ್ವಲ್ಪ ಸರೀತೀರಾ?" ಎಂದ, ಕೈಯಲ್ಲಿದ್ದ ಕೆಪ್ಯಾಸಿಟರ್ ತೋರಿಸಿ.

"ಇಲ್ಲ."

"ಬಿಸಿಲೇರಿದ್ರೆ ಮೇಲೆ ನಿಲ್ಲೋಕಾಗಲ್ಲ ಮಾರ್ನಿ."

"ಶೆಡ್ಡಲ್ಲಿರೋ ಬಿಳಿ ಏಸಿ ಯಾರದ್ದು?"

ಅವನು ಕೆಪ್ಯಾಸಿಟರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಬರ್ನೀಸಳ ಟ್ರೇಲರಿನ ಕಡೆ ಒಮ್ಮೆ ನೋಡಿದ. ಅಲ್ಲಿ ಕಿಟಕಿಯ ಪರದೆ ಅಲ್ಲಾಡಿತು.

"ಪಾರ್ಕಿನ ಆಫೀಸಿಗೆ..."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ," ಎಂದಳು ಮಾರ್ನಿ. "ನೀನೇ ಹೋಗಿ ಏಸಿ ತಂದೆ, ನೀನೇ ಅದನ್ನ ಬಚ್ಚಿಟ್ಟೆ. ನಾನು ಕೇಳಿದ್ರೆ ರಿಪೇರಿ ಸಾಕು ಅಂದೆ. ಏನು ನಿನ್ನ ಲೆಕ್ಕ? ಇಡೀ ಚಳಿಗಾಲ ನನ್ನ ಮುಖ ನೋಡ್ಕೊಂಡು ಕೂತು, ಈಗ ಹೊರಡು ಅಂತೀಯಾ?"

ಎಲಾಯ್ ಹ್ಯಾಟ್ ತೆಗೆದ. ನೆತ್ತಿಯ ಮೇಲೆ ಕೂದಲು ಬೆವರಿಗೆ ಅಂಟಿತ್ತು.

"ಹೊರಡು ಅಂತ ನಾನೆಲ್ಲಿ ಅಂದೆ?"

"ಇರು ಅಂತ ಎಲ್ಲಿ ಅಂದೆ?"

ಎಲಾಯ್ ಪಿಕಪ್ಪಿನ ಬಾಗಿಲಿಗೆ ಒರಗಿ ನಿಂತು, ನೆಲ ನೋಡುತ್ತ ನಿಧಾನವಾಗಿ ಹೇಳಿದ.

"ನನ್ನ ಹೆಂಡ್ತಿ ಆಗಿದ್ದೋಳು ನಿಮ್ಮ ಥರಾನೇ ಚಳಿಗಾಲಕ್ಕೆ ಬಂದೋಳು, ಒರೆಗಾನ್‌ನಿಂದ. ಇರು ಇರು ಅಂತ ನಾನೇ ಕಾಡಿ ಇರ್ಸಿಕೊಂಡೆ. ಜುಲೈನಲ್ಲಿ ನೂರ ಹದಿನೈದು ಡಿಗ್ರಿ ಫ್ಯಾರನ್‌ಹೀಟ್. ಹಗಲೆಲ್ಲ ಪರದೆ ಎಳ್ಕೊಂಡು ಒಳಗೇ ಇರ್ಬೇಕು. ಅವಳು ಬಿಸಿಲನ್ನ ಬಯ್ಯೋಳು, ಆಮೇಲೆ ಊರನ್ನ ಬಯ್ದಳು, ಆಮೇಲೆ ನನ್ನ. ಎರಡನೇ ಬೇಸಿಗೇಲಿ ಹೊರಟುಹೋದಳು. ಅವಳದ್ದೇನೂ ತಪ್ಪಿಲ್ಲ. ಇರು ಅಂದೋನು ನಾನು."

"ಅದಕ್ಕೆ ನನಗೆ ಹೇಳಲ್ಲ."

"ನೀವೂ ಅವಳ ಥರ ನನ್ನ ಸಿಟ್ಟಿಂದ ನೋಡೋದು ನಂಗೆ ಬೇಡ. ಹೋದ್ರೆ ನವೆಂಬರಲ್ಲಿ ಮತ್ತೆ ಬರ್ತೀರಿ. ಬಂದು ನಗ್ತೀರಿ. ನಂಗೆ ಅಷ್ಟು ಸಾಕು ಅಂದ್ಕೊಂಡೆ."

"ಮತ್ತೆ ಆ ಏಸಿ ಯಾಕೆ ತಂದೆ?"

"ಸಾಕಾಗಲ್ಲ ಅಂತ ಗೊತ್ತಿತ್ತು," ಎಂದ ಎಲಾಯ್.

ಮಾರ್ನಿಗೆ ಅಳು ಬಂತು, ಅದರ ಮೇಲೆ ಇನ್ನಷ್ಟು ಸಿಟ್ಟು ಬಂತು. ಎದ್ದು ನಿಂತಳು.

"ನೋಡು, ಕವರ್ ತೆಗೀದೇ ಏಸಿ ಓಡಿಸಿದೋಳು ನಾನು. ಅದನ್ನ ಯಾರ ತಲೆಗಾದ್ರೂ ಕಟ್ಟಿದ್ನಾ? ಊರೆಲ್ಲ ನಕ್ಕಿತು, ನಾನೂ ನಕ್ಕೆ. ನನ್ನ ತಪ್ಪು ನಾನೇ ಹೊತ್ಕೋತೀನಿ. ಜುಲೈನಲ್ಲಿ ಬೇಯೋದಾದ್ರೆ ಅದೂ ನನ್ನದೇ. ನಿನ್ನ ಹತ್ರ ನಾನು ಅಪ್ಪಣೆ ಕೇಳ್ತಿಲ್ಲ. ನಿಂಗೇನು ಬೇಕು ಅಂತ ಕೇಳ್ತಿದ್ದೀನಿ. ಒಂದೇ ಒಂದು ಸಲ, ಏಸಿ ವಿಷ್ಯ ಬಿಟ್ಟು ಮಾತಾಡು."

ಅವನು ಕೆಪ್ಯಾಸಿಟರನ್ನು ಜೇಬಿಗಿಳಿಸಿದ. ಆಮೇಲೆ ಪಿಕಪ್ ಹತ್ತಿ, ಧೂಳೆಬ್ಬಿಸಿಕೊಂಡು ಹೊರಟೇ ಹೋದ.

ಮಾರ್ನಿ ಮತ್ತೆ ಏಣಿಯ ಮೇಲೆ ಕೂತಳು. ಅಷ್ಟೇ ಇವನ ಯೋಗ್ಯತೆ ಎಂದುಕೊಂಡಳು. ಒಳಗೆ ಹೋಗಿ ತಂಗಿಗೆ ಫೋನ್ ಮಾಡಿ, ಈ ವಾರವೇ ಬರುತ್ತೇನೆ ಎಂದುಬಿಡಬೇಕು. ಆದರೂ ಅಲ್ಲೇ ಕೂತಿದ್ದಳು.

ಸ್ವಲ್ಪ ಹೊತ್ತಿಗೆ ಪಾರ್ಕಿನ ಹಳೆಯ ಟ್ರ್ಯಾಕ್ಟರಿನ ಸದ್ದು ಕೇಳಿತು. ಅದನ್ನು ಓಡಿಸುತ್ತಿದ್ದವಳು ಬರ್ನೀಸ್, ದೊಡ್ಡ ಹೂವಿನ ಹ್ಯಾಟ್ ಹಾಕಿಕೊಂಡು. ಟ್ರ್ಯಾಕ್ಟರಿನ ಮುಂದಿನ ಬಕೆಟ್ಟಿನಲ್ಲಿ ಬಿಳಿ ಏಸಿ ಕೂತಿತ್ತು. ಎಲಾಯ್ ಪಕ್ಕದಲ್ಲೇ ನಡೆದು ಬರುತ್ತಿದ್ದ, ಅದು ಬೀಳದಂತೆ ಕೈ ಕೊಟ್ಟುಕೊಂಡು.

"ಒಳಗೆ ಹೋಗಿ," ಎಂದ ಮಾರ್ನಿಗೆ. ಅವಳ ಮುಖ ನೋಡಲಿಲ್ಲ. "ಮೇಲಿಂದ ನಾನು ಕೂರಿಸ್ತೀನಿ, ಕೆಳಗಿಂದ ಬೋಲ್ಟ್ ಹಾಕೋಕೆ ಒಬ್ಬರು ಬೇಕು."

ಮಾತು ಕೇಳಿದರೆ ಇವನು ಟ್ರ್ಯಾಕ್ಟರ್ ತಂದಿದ್ದಾನೆ. ಮಾರ್ನಿಗೆ ನಗುವೂ ಬಂತು, ಹೊಡೆಯುವಷ್ಟು ಕೋಪವೂ ಬಂತು. ಒಳಗೆ ಹೋದಳು.

ಹಳೆಯ ಏಸಿ ಕರ್ರ್ ಎಂದು ಕಿತ್ತು ಬಂತು. ಚಾವಣಿಯಲ್ಲಿ ಚೌಕದ ತೂತು ತೆರೆದುಕೊಂಡಿತು. ಟ್ರೇಲರ್ ತಯಾರಾದಾಗಿನಿಂದ ಕತ್ತಲಾಗಿದ್ದ ಆ ಜಾಗದಿಂದ ಬೆಳಕು ನೇರವಾಗಿ ಅವಳ ಅಡುಗೆಕಟ್ಟೆಯ ಮೇಲೆ, ಅವಳ ಕೈಗಳ ಮೇಲೆ ಬಿತ್ತು. ಅವಳು ತಲೆ ಎತ್ತಿದಳು. ಒಂದು ತುಂಡು ಆಕಾಶ. ಅದರೊಳಗೆ ಎಲಾಯ್‌ನ ಮುಖ ಬಂತು, ಹ್ಯಾಟಿಲ್ಲದೆ.

"ರಬ್ಬರ್ ಪಟ್ಟಿ ಇಟ್ಟಾಯ್ತು," ಎಂದ. "ಇದರ ಮೇಲೆ ಏಸಿ ಒಂದು ಸಲ ಕೂತ್ರೆ ಪಟ್ಟಿ ಒತ್ಕೊಂಡುಬಿಡುತ್ತೆ. ಮತ್ತೆ ಎತ್ತಿ ಕೂರ್ಸೋ ಹಾಗಿಲ್ಲ."

"ಸರಿ."

"ಕೂತ ಮೇಲೆ ನಿನ್ನ ಮುಖ ಕಾಣಲ್ಲ. ಅದಕ್ಕೆ ಮೊದಲೇ ಹೇಳ್ತೀನಿ."

ಹೊರಗೆ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿತ್ತು.

"ಜೂನ್ ಕೆಟ್ಟದಾಗಿರುತ್ತೆ," ಎಂದ ಎಲಾಯ್. "ಜುಲೈ ಅದಕ್ಕಿಂತ. ಬೆಳಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗ್ಬೇಕು, ಎಂಟರ ಮೇಲೆ ಬಾಗಿಲು ತೆಗೆಯೋ ಹಾಗಿಲ್ಲ. ನೀನು ನನ್ನ ಬಯ್ತೀಯ. ಬಯ್ಯಿ. ಆದ್ರೂ ನಂಗೆ ನೀನು ಬೇಕು. ನವೆಂಬರಿಗಲ್ಲ, ಈಗ. ಹೋಗ್ಬೇಡ ಮಾರ್ನಿ, ಇಲ್ಲೇ ಇರು."

ಅವನ ಮೂಗಿನ ತುದಿಯಿಂದ ಬೆವರಿನ ಒಂದು ಹನಿ ಅವಳ ಕನ್ನಡಕದ ಮೇಲೆ ಬಿತ್ತು. ಅವಳು ಕನ್ನಡಕ ತೆಗೆದಳು. ಅವನು ಮೇಲಿನಿಂದ ಅವಳ ಕಣ್ಣುಗಳನ್ನೇ ನೋಡುತ್ತಿದ್ದ, ಆ ಶುಕ್ರವಾರ ನೋಡಿದ ಹಾಗೆ.

"ಎಷ್ಟು ಹೊತ್ತು ಬೇಕಾಯ್ತು ಇದಕ್ಕೆ," ಎಂದಳು. ಕಣ್ಣೀರು ಕೆನ್ನೆಗಿಳಿದಿತ್ತು. "ಇರ್ತೀನಿ. ಬಯ್ಯೋದು ಮಾತ್ರ ಜೂನ್ ತನಕ ಕಾಯಲ್ಲ, ಇವತ್ತೇ ಶುರು ಮಾಡ್ತೀನಿ."

"ಬಯ್ಕೋ."

"ಎಂಜಿನ್ ಬಿಸಿಯಾಗ್ತಿದೆ ಕಣ್ರೋ," ಎಂದು ಬರ್ನೀಸ್ ಹೊರಗಿನಿಂದ ಕೂಗಿದಳು. "ಮಾತು ಮುಗಿದಿದ್ರೆ ಬಕೆಟ್ ಎತ್ಲಾ?"

ಎಲಾಯ್‌ನ ಮುಖ ನಕ್ಕು ಮಾಯವಾಯಿತು. ಬಿಳಿ ಏಸಿ ನಿಧಾನವಾಗಿ ತೂತಿನ ಮೇಲೆ ಬಂತು, ಬೆಳಕು ಸಣ್ಣಗಾಗುತ್ತ ಹೋಯಿತು.

"ಸರಿಯಾಗಿದೆಯಾ?"

"ಎಡಕ್ಕೆ," ಎಂದಳು ಮಾರ್ನಿ. "ಇನ್ನೊಂಚೂರು. ಹಾಂ, ಅಲ್ಲೇ. ಬಿಡು."

ಅದು ಕೂತಿತು. ಅವಳು ಒಂದೊಂದಾಗಿ ಬೋಲ್ಟ್ ಬಿಗಿದಳು, ಅವನು ಮೇಲಿನಿಂದ ಹೇಳಿಕೊಟ್ಟಷ್ಟೇ ಬಿಗಿದಳು. ಸ್ವಿಚ್ ಒತ್ತುವ ಮುಂಚೆ ಬಾಗಿಲಿಗೆ ಬಂದು ತಲೆ ಹೊರಗೆ ಹಾಕಿ ಕೇಳಿದಳು:

"ಕವರ್ ಇಲ್ಲ ತಾನೇ?"

ಬರ್ನೀಸ್ ಟ್ರ್ಯಾಕ್ಟರಿನ ಮೇಲೆ ಬಿದ್ದು ಬಿದ್ದು ನಕ್ಕಳು.

ಆ ವಾರದ ಕೊನೆಗೆ ಚಳಿಗಾಲಕ್ಕೆ ಪಾರ್ಕಿಗೆ ಬಂದವರಲ್ಲಿ ಕೊನೆಯವರು, ಆಯೋವಾದ ದಂಪತಿ, ಗಾಡಿ ಕಟ್ಟಿದರು. ಗೇಟಿನಲ್ಲಿ ಹಾರ್ನ್ ಮೂರು ಸಲ ಕೂಗಿತು. ಮಾರ್ನಿ ತಣ್ಣಗಿನ ಟ್ರೇಲರಿನಿಂದ ಬಿಸಿಲಿಗೆ ಓಡಿ ಬಂದಳು. ಎಲಾಯ್ ಬಂದು ಪಕ್ಕದಲ್ಲಿ ನಿಂತು, ತನ್ನ ಹ್ಯಾಟನ್ನು ಅವಳ ತಲೆಗಿಟ್ಟ. ಗಾಡಿ ಹೆದ್ದಾರಿಗೆ ತಿರುಗಿ ಕಣ್ಮರೆಯಾಗುವವರೆಗೂ ಅವಳು ಕೈ ಬೀಸುತ್ತಲೇ ಇದ್ದಳು, ಉಳಿದವರ ಜೊತೆ.