ಬಲಗಾಲಿನ ಬ್ರೇಕು

ಛಟೀರ್!

ಮದ್ದೂರಿನ ಆ ಮೋಟಾರ್ ಬೈಕ್ ಶೆಡ್ಡಿನ ಮುಂದೆ ಇದ್ದವರೆಲ್ಲ ತಿರುಗಿ ನೋಡಿದರು. ಮಂಗಳಳ ಐದು ಬೆರಳೂ ಮೆಕ್ಯಾನಿಕ್ ಸಿದ್ದರಾಮುವಿನ ಕೆನ್ನೆಯ ಮೇಲೆ ಮೂಡಿದ್ದವು.

"ಸೆರಗಿಗೆ ಕೈ ಹಾಕ್ತೀಯಾ? ಅಕ್ಕತಂಗೀರಿಲ್ವಾ ನಿಂಗೆ!"

ಅವನು ಬಾಯಿ ತೆರೆಯುವ ಮೊದಲೇ ಅವಳ ಅಣ್ಣ ಹೊನ್ನಯ್ಯ ಬೈಕಿನಿಂದ ಹಾರಿ ಇಳಿದು ಅವನ ದವಡೆಗೆ ಗುದ್ದಿದ. ಕೆರಗೋಡಿನ ಹೊನ್ನಯ್ಯನಿಗೆ ಮಾತಿಗಿಂತ ಕೈ ಮುಂದು. ಅಪ್ಪ ಸತ್ತ ಮೇಲೆ ಮನೆಗೆ ಅವನೇ ಯಜಮಾನ, ಅವನು ಹೇಳಿದ್ದೇ ವೇದ.

ನೆಲಕ್ಕೆ ಬಿದ್ದ ಸಿದ್ದರಾಮು ತುಟಿಯ ರಕ್ತ ಒರೆಸಿಕೊಂಡ. ಬೈಕಿನ ಹಿಂದಿನ ಚಕ್ರದ ಕಡೆ ಬೆರಳು ತೋರಿಸಿದ.

ಮಂಗಳ ಬಗ್ಗಿ ನೋಡಿದಳು...

ಅವಳ ಸೀರೆಯ ಅರ್ಧ ಮೊಳ ಸೆರಗು ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡು ಚಿಂದಿಯಾಗಿತ್ತು. ಅಣ್ಣನ ಹಿಂದೆ ಒಂದೇ ಪಕ್ಕಕ್ಕೆ ಕೂತಿದ್ದ ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ಅವನು ಎಳೆಯದಿದ್ದರೆ ಸೆರಗಿನ ಜೊತೆ ಅವಳೂ ಚಕ್ರದೊಳಗೆ ಹೋಗುತ್ತಿದ್ದಳು.

'ಅಯ್ಯೋ... ಕಾಪಾಡಿದವನಿಗೇ ಹೊಡೆದುಬಿಟ್ಟೆನಲ್ಲ!'

ಹೊನ್ನಯ್ಯ ಗಂಟಲು ಸರಿಮಾಡಿಕೊಂಡ. ಕ್ಷಮೆ ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

"ಸರಿ ಬುಡು. ಮೇಲೇಳ್ಲಾ. ಮದ್ವೆಗೆ ಒಂದು ಗಾಡಿ ತೋರ್ಸು."

ಅದು ಎಪ್ಪತ್ತೆರಡನೇ ಇಸವಿ. ಮಳವಳ್ಳಿಯ ಮರಿಸಿದ್ದಯ್ಯನಿಗೆ ಮಂಗಳಳನ್ನು ಕೊಡುವುದೆಂದು ತಾಂಬೂಲ ಬದಲಾಯಿಸಿ ಆಗಿತ್ತು. ಊರೂರು ಸುತ್ತಿ ಕಬ್ಬಿನ ಗದ್ದೆ ನೋಡುವ ಕೆಲಸ ಅವನದು. ದೂರದ ದಾರಿಗೆ ತಡೆಯುವ ಬೈಕು ಹೆಣ್ಣಿನ ಕಡೆಯಿಂದಲೇ ಬರಬೇಕು ಎಂದಿದ್ದ. ಯಾವುದು ಎಂಬುದಷ್ಟೇ ಬಾಕಿ ಇತ್ತು.

ಶೆಡ್ಡಿನಲ್ಲಿ ಮೂರು ನಿಂತಿದ್ದವು. ಬುಲೆಟ್, ಜಾವಾ, ರಾಜದೂತ್.

"ರಾಜದೂತು ಹಾಲು ಆಕೋರ್ಗೆ ಸರಿ. ಗಂಡಸು ಅಂದ್ಮ್ಯಾಲೆ ಬುಲೆಟ್ಟೇಯ. ಐದೊರ್ಸದಿಂದ ಓಡುಸ್ತಾ ಇವ್ನಿ, ನಂಗೊತ್ತಿಲ್ವಾ?" ಎಂದ ಹೊನ್ನಯ್ಯ.

ಸಿದ್ದರಾಮು ಮಂಗಳಳ ಕಡೆ ತಿರುಗಿದ. ಕೆನ್ನೆ ಇನ್ನೂ ಕೆಂಪಗಿತ್ತು.

"ನಿಮ್ಗೆ ಯಾವ್ದು ಬೇಕು?"

"ನಂಗಾ?!"

"ದಿನಾ ಇಂದೆ ಕೂರೋರು ನೀವಲ್ವಾ?"

'ಗಂಡನ್ನ ಆರಿಸೋವಾಗಲೂ ನನ್ನ ಯಾರೂ ಕೇಳಲಿಲ್ಲ. ಇವನು ಗಾಡಿ ಕೇಳ್ತಾ ಇದಾನೆ...' ಅವಳ ಕಣ್ಣು ಸುಮ್ಮಸುಮ್ಮನೆ ತುಂಬಿಬಂತು.

ಅವಳು ಮೂರರ ಮೇಲೂ ಕೂತು ನೋಡಿದಳು. ಜಾವಾದ ಮೇಲೆ ಮಾತ್ರ ಅವಳ ಕಾಲು ಸಲೀಸಾಗಿ ಮೆಟ್ಟಿಗೆ ಸಿಕ್ಕಿತು.

"ಇದು," ಎಂದಳು.

ಹರಿದ ಸೆರಗನ್ನು ನೋಡಿ ಹೊನ್ನಯ್ಯ ಎದುರಾಡಲಿಲ್ಲ. ಆಗ ಸಿದ್ದರಾಮುವೇ ಮುಂದೆ ಬಂದು, "ಅಣ್ಣ, ಒಂದ್ಮಾತು. ಬುಲೆಟ್ಟಿಗೆ ಬ್ರೇಕು ಎಡಗಾಲು, ಗೇರು ಬಲಗಾಲು. ಜಾವಾಕ್ಕೆ ಉಲ್ಟಾ. ನಿಮ್ಮ ಕಾಲು ಬುಲೆಟ್ಟಿಗೆ ಪಳಗೋಗದೆ. ಇದನ್ನ ನೀವು ಓಡುಸ್ಬೇಡಿ," ಎಂದ.

"ನಂಗೇ ಬುದ್ಧಿ ಯೋಳ್ತೀಯೇನ್ಲಾ!" ಹೊನ್ನಯ್ಯ ಅವನ ಎದೆಗೆ ಕೈಯಿಟ್ಟು ತಳ್ಳಿದ.

ವಾರದ ಮೇಲೆ ಸಿದ್ದರಾಮುವೇ ಜಾವಾವನ್ನು ಕೆರಗೋಡಿಗೆ ತಂದುಬಿಟ್ಟ. ಮಂಗಳ ಒಂದು ಲೋಟ ಮಜ್ಜಿಗೆ ಕೊಟ್ಟು, ತಲೆ ತಗ್ಗಿಸಿಯೇ ಕೇಳಿದಳು.

"ಕೆನ್ನೆ... ಇನ್ನೂ ನೋಯ್ತದಾ?"

"ಕೆನ್ನೆ ನೋಯಲ್ಲ ಬುಡಿ." ಅವನು ಲೋಟ ಕೆಳಗಿಟ್ಟ. "ಈ ಗಾಡಿ ಮಳವಳ್ಳಿ ಮುಟ್ಟದೇ ಇದ್ರೆ ಸಾಕು ಅನ್ಸತ್ತೆ ಕಣ್ರೀ."

ಅಷ್ಟು ಹೇಳಿ ಬಸ್ಸಿನ ಕಡೆ ನಡೆದುಬಿಟ್ಟ. ಮಂಗಳಳಿಗೆ ಎರಡು ದಿನ ಅನ್ನ ಸೇರಲಿಲ್ಲ.

ಮೂರನೇ ದಿನ ಆ ಮಾತು ನಿಜವಾಯಿತು!

ಗಾಡಿ ನೋಡಲು ಬಂದಿದ್ದ ಭಾವೀ ಭಾವಮೈದುನ ಮರಿಸಿದ್ದಯ್ಯನನ್ನು ಹಿಂದೆ ಕೂರಿಸಿಕೊಂಡು ಹೊನ್ನಯ್ಯನೇ ಜಾವಾ ಓಡಿಸಿಕೊಂಡು ಮಳವಳ್ಳಿಗೆ ಹೊರಟಿದ್ದ. ಮದ್ದೂರು ದಾಟಿದ ತಿರುವಿನಲ್ಲಿ ಕಬ್ಬು ತುಂಬಿದ ಎತ್ತಿನ ಗಾಡಿ ಅಡ್ಡ ಬಂತು. ಬೈಕು ನಿಲ್ಲಲಿಲ್ಲ. ಹೊನ್ನಯ್ಯನ ಹಣೆ ಸೀಳಿ ಎಂಟು ಹೊಲಿಗೆ ಬಿದ್ದವು. ಮರಿಸಿದ್ದಯ್ಯನ ತೊಡೆಯ ಮೂಳೆ ಮುರಿಯಿತು.

ಮಾರನೆಯ ದಿನವೇ ಮಳವಳ್ಳಿಯವರು ತಾಂಬೂಲ ಹಿಂದಕ್ಕೆ ಕಳಿಸಿದರು. ಹುಡುಗಿಯ ಕಾಲ್ಗುಣ ಸರಿಯಿಲ್ಲವಂತೆ!

"ಬ್ರೇಕೇ ಇರ್ನಿಲ್ಲ! ಕಾಲು ಮುರ್ಯಂಗೆ ಒತ್ತುದ್ರೂ ನಿಲ್ನಿಲ್ಲ! ಆ ನನ್ಮಗ ಬಿಚ್ಚವ್ನೆ!" ಹೊನ್ನಯ್ಯ ಅಂಗಳದಲ್ಲಿ ಕೂಗಾಡುತ್ತಿದ್ದ.

ಅವಮಾನಕ್ಕೆ ಬೆಂದುಹೋಗಿದ್ದ ಮಂಗಳಳ ಬಾಯಿಂದ ಮಾತು ಜಾರಿತು.

"ಗಾಡಿ ಮಳವಳ್ಳಿ ಮುಟ್ಟಬಾರ್ದು ಅಂತ ಅವ್ನು ನನ್ ತಾವ ಯೋಳಿದ್ದ, ಅಣ್ಣಯ್ಯ..."

ಅಷ್ಟೇ ಸಾಕಾಯಿತು. ಹೊನ್ನಯ್ಯ ಕಬ್ಬು ಕಡಿಯುವ ಮಚ್ಚು ಎಳೆದುಕೊಂಡು ಆಳು ನಾಗಯ್ಯನ ಜೊತೆ ಹೊರಟೇಬಿಟ್ಟ.

'ನಂಬಿದ್ದೆನಲ್ಲ ಅವನನ್ನ... ಪಾಪಿ!' ಸಂಜೆಯವರೆಗೂ ಒಳಗೇ ಕುದಿದು ಹೊರಬಂದಾಗ, ಅಂಗಳದಲ್ಲಿ ಬಿದ್ದಿದ್ದ ಜಾವಾವನ್ನು ಕಂಡು ಮಂಗಳಳ ಸಿಟ್ಟು ನೆತ್ತಿಗೇರಿತು. ಹಿಂದಿನ ಚಕ್ರಕ್ಕೆ ಝಾಡಿಸಿ ಒದ್ದಳು. ಚಕ್ರ ಗಿರ್ರನೆ ತಿರುಗತೊಡಗಿತು. ಇನ್ನೊಮ್ಮೆ ಒದೆಯಲು ಹೋಗಿ ಅವಳ ಕಾಲು ಬಲಗಡೆಯ ಪೆಡಲಿನ ಮೇಲೆ ಬಿತ್ತು.

ಚಕ್ರ ಗಕ್ಕನೆ ನಿಂತಿತು.

ಮಂಗಳ ಬಗ್ಗಿದಳು. ಚಕ್ರ ತಿರುಗಿಸಿ ಮತ್ತೆ ಒತ್ತಿದಳು. ಮತ್ತೆ ನಿಂತಿತು!

ಬ್ರೇಕು ಇದೆ. ಯಾರೂ ಬಿಚ್ಚಿಲ್ಲ... ಹಾಗಾದರೆ ಅಣ್ಣ ಒತ್ತಿದ್ದು ಏನನ್ನು?

'ಜಾವಾಕ್ಕೆ ಉಲ್ಟಾ...'

"ಅಯ್ಯೋ ದೇವ್ರೇ!"

ಬರಿಗಾಲಲ್ಲಿ ಗದ್ದೆಯ ಬದುವಿನ ಮೇಲೆ ಅವಳು ತಮ್ಮ ಆಲೆಮನೆಗೆ ಓಡಿದಳು. ಅಣ್ಣ ಯಾರನ್ನೇ ಹೊಡೆಯಲಿ, ಎಳೆದುಕೊಂಡು ಹೋಗುವುದು ಅಲ್ಲಿಗೇ ಎಂದು ಊರಿಗೆಲ್ಲ ಗೊತ್ತಿತ್ತು.

ಬಾಗಿಲಿಗೆ ಬಂದು ಒಳಗೆ ನೋಡಿದಳು. ಎಂಜಿನ್ನು ಹೊಡೆದುಕೊಳ್ಳುತ್ತಿತ್ತು, ಕಬ್ಬು ಅರೆಯುವ ಗಾಣ ತಿರುಗುತ್ತಿತ್ತು. ಸಿದ್ದರಾಮುವಿನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಅಂಗಿಯೆಲ್ಲ ರಕ್ತ. ಮಚ್ಚಿನ ಹಿಂಬದಿಯಿಂದ ಹೊಡೆದು ಅವನ ಎರಡು ಬೆರಳು ಆಗಲೇ ಮುರಿದಿದ್ದರು. ನಾಗಯ್ಯ ಅದೇ ಕೈಯನ್ನು ಹಿಡಿದು ಗಾಣದ ಉರುಳೆಯ ಹತ್ತಿರಕ್ಕೆ ತಂದಿದ್ದ.

"ಈ ಕೈಲಿ ತಾನೇ ಬಿಚ್ಚುದ್ದು? ಬೊಗಳ್ಲಾ!" ಹೊನ್ನಯ್ಯ ಅಬ್ಬರಿಸಿದ.

"ನಾ ಬಿಚ್ಚಿಲ್ಲಾ... ನಿಮ್ಮ ತಂಗಿ ಕೂರೋ ಗಾಡಿ ಅದು... ಅದಕ್ಕೆ ನಾ ಕೈ ಆಕ್ತೀನಾ?"

ಮಂಗಳ ನುಗ್ಗಿ ಬಂದವಳೇ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಉರುಳೆಗೂ ಅವಳ ಬೆರಳಿಗೂ ಗೇಣು ಅಂತರವಿತ್ತು.

"ಚಾಡಿ ಯೋಳಿದ್ದು ನಾನು. ಅರೆಯೋದಾದ್ರೆ ನನ್ ಕೈಯೂ ಅರೀರಿ!"

"ಮಂಗ್ಳೀ! ಸಾಯ್ತೀಯ, ಕೈ ತಗಿ! ಲೇ ನಾಗ, ಎಂಜಿನ್ ನಿಲ್ಸ್ಲಾ!"

ಎಂಜಿನ್ನು ನಿಂತಿತು.

"ಅಣ್ಣಯ್ಯ, ಒಂದೇ ಒಂದು ಕೇಳ್ತೀನಿ. ಅವತ್ತು ಎಂಗೆ ಒತ್ತುದ್ದೆ, ತೋರ್ಸು."

"ಎಂಗೆ ಅಂದ್ರೆ? ಇಂಗೆ!" ಹೊನ್ನಯ್ಯ ಕಾಲೆತ್ತಿ ನೆಲವನ್ನು ದಪ್ಪೆಂದು ತುಳಿದ. "ಇಂಗೇ ಒತ್ತುದ್ದು!"

ಎಲ್ಲರೂ ಆ ಕಾಲನ್ನೇ ನೋಡಿದರು.

ಎಡಗಾಲು.

"ಜಾವಾಕ್ಕೆ ಬ್ರೇಕಿರೋದು ಬಲಗಾಲ್ಗೆ," ಎಂದಳು ಮಂಗಳ. "ಈಗ ನಾನೇ ಒತ್ತಿ ಬಂದೆ. ಚಕ್ರ ಗಕ್ ಅಂತ ನಿಂತ್ಕತು. ನೀನು ಒತ್ತುದ್ದು ಗೇರು. ಇವ್ರು ಅವತ್ತೇ ಯೋಳಿರ್ನಿಲ್ವಾ?"

ಹೊನ್ನಯ್ಯ ತನ್ನ ಕಾಲನ್ನು ತಾನೇ ನೋಡಿಕೊಂಡ. ಮಚ್ಚು ಕೈಯಿಂದ ಜಾರಿ ಬಿತ್ತು. ಎಷ್ಟೋ ಜನರ ಮೂಳೆ ಮುರಿದಿದ್ದ ಆ ಮನುಷ್ಯ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕುಸಿದು ಕೂತು, ತಲೆಯ ಮೇಲೆ ಕೈಹೊತ್ತುಕೊಂಡ.

"ನಾಗ... ಗಾಡಿ ಕಟ್ಲಾ," ಎಂದ ಕೊನೆಗೆ. "ಮಂಡ್ಯದ ಆಸ್ಪತ್ರೆಗೆ ನಾನೇ ಒಡ್ಕೊಂಡೋಯ್ತೀನಿ."

ಎತ್ತಿನ ಗಾಡಿ ಕುಲುಕುತ್ತ ಮಂಡ್ಯದ ದಾರಿ ಹಿಡಿಯಿತು. ಅವತ್ತಿನ ಸೀರೆಯನ್ನೇ ಉಟ್ಟಿದ್ದ ಮಂಗಳ ಅದರ ಹರಿದ ಸೆರಗನ್ನು ಇನ್ನಷ್ಟು ಹರಿದು ಸಿದ್ದರಾಮುವಿನ ಬೆರಳುಗಳಿಗೆ ಸುತ್ತಿದಳು. ಅವಳ ಕಣ್ಣೀರು ಬಟ್ಟೆಯನ್ನು ನೆನೆಸುತ್ತಿತ್ತು.

ಮುಂದೆ ಕೂತಿದ್ದ ಹೊನ್ನಯ್ಯ ತಿರುಗದೆಯೇ ಕೇಳಿದ.

"ನಿಮ್ಮಟ್ಟಿ ಎಲ್ಲಿ ಲೇ?"

"ಹನಕೆರೆ."

"ಯಾರ್ ಮಗ?"

"ದೊಡ್ಡಸಿದ್ದಯ್ಯನ ಮಗ."

ಹೊನ್ನಯ್ಯ ಎತ್ತುಗಳ ಹಗ್ಗ ಸಡಿಲಿಸಿದ.

"ಒಡ್ಯೋಕ್ ಮುಂಚೆ ಕೇಳ್ಬೇಕಿತ್ತು ನಾನು," ಎಂದ ಹೊನ್ನಯ್ಯ. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. "ಮುಂದಿನ ವಾರ ನಿಮ್ಮಪ್ಪನ್ ತಾವ ಬತ್ತೀನಿ."

ಮಂಗಳಳ ಕೈ ಅಲ್ಲೇ ನಿಂತಿತು! ಸಿದ್ದರಾಮು ಒಂದೇ ಕಣ್ಣಲ್ಲಿ ಅವಳನ್ನು ನೋಡಿದ.

"ಒಂದು ಕೇಳ್ತೀನಿ. ಒಡೀಬಾರ್ದು."

"ಕೇಳಿ..."

"ಈಗ ಇನ್ನೊಂದ್ಸಲ ಆರ್ಸೋದಾದ್ರೆ? ಬುಲೆಟ್ಟಾ, ಜಾವಾನಾ?"

"ಜಾವಾನೇ."

"ಇಷ್ಟೆಲ್ಲ ಆದ್ಮ್ಯಾಲೂ?"

"ನೀವೊಬ್ರೇ ಕಣ್ರೀ ನನ್ನ ಕೇಳ್ದೋರು," ಎಂದಳು ಅವಳು, ಅಳುತ್ತಲೇ. "ನಾ ಆರ್ಸಿದ್ದನ್ನ ನಾ ಬುಡಲ್ಲ. ನಿಮ್ಮನ್ನೂ."

ಅವನು ಬಟ್ಟೆ ಸುತ್ತಿದ ಕೈಯನ್ನು ಎತ್ತಿ ತೋರಿಸಿದ.

"ಈ ಕೈ ವಾಸಿಯಾಗಿ ನಾ ಗಾಡಿ ಓಡ್ಸೋಕೆ ಮೂರು ತಿಂಗ್ಳಾದ್ರೂ ಆಯ್ತದೆ."

"ನೀವ್ಯಾಕೆ ಓಡುಸ್ಬೇಕು? ಬ್ರೇಕು ಯಾವ ಕಾಲು ಅಂತ ನಂಗೊತ್ತು. ನೀವು ಇಂದೆ ಕೂತ್ಕಳಿ."

"ನನ್ನ ಪಂಚೆ ಚಕ್ರಕ್ಕೆ ಸಿಕ್ಕಾಕ್ಕಂಡ್ರೆ?"

ಮಂಗಳ ಕಣ್ಣೊರೆಸಿಕೊಂಡು, ಆ ಊದಿದ ಕೆನ್ನೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟಳು.

"ನಾ ಇಡ್ಕೊಂಡು ಎಳೀತೀನಿ. ಆಮ್ಯಾಕೆ ನೀವು ನನ್ನ ಕೆನ್ನೆಗೆ ಒಂದು ಬುಡಿ... ಲೆಕ್ಕ ಸರಿ ಓಯ್ತದೆ."