ಮಾರುವ ಕುರ್ಚಿ

ಕುರ್ಚಿ ಮೇಜಿನ ಅಂಗಡಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಬೀರು ಎಂದು. ಆ ಹೆಸರಿಗೆ ಅವನು ಬೇಜಾರು ಮಾಡಿಕೊಂಡವನಲ್ಲ. ಅವನ ಬೇಜಾರೆಲ್ಲ ಕಾಲಿನದು. ಬೆಳಗ್ಗೆ ಟ್ರೇನಿನಲ್ಲಿ ನಿಂತು ಬರಬೇಕು, ಇಡೀ ದಿನ ಕುರ್ಚಿಗಳ ನಡುವೆ ನಿಂತು ಕುರ್ಚಿ ಮಾರಬೇಕು, ಸಂಜೆ ಮತ್ತೆ ಟ್ರೇನಿನಲ್ಲಿ ನಿಂತು ಹೋಗಬೇಕು. ಮನೆ ಸೇರುವ ಹೊತ್ತಿಗೆ ಅವನ ಮೊಣಕಾಲುಗಳು ಒಂದಕ್ಕೊಂದು ಮಾತು ಬಿಟ್ಟಿರುತ್ತಿದ್ದವು.

ಟ್ರೇನೂ ಅಂಥದ್ದೇ. ರಿಪೇರಿಗೆಂದು ಎರಡು ಡಬ್ಬಿ ಬಿಚ್ಚಿಕೊಂಡು ಹೋದ ರೈಲಿನವರು ಅವನ್ನು ಮರೆತೇಬಿಟ್ಟಿದ್ದರು. ಜನ ಮಾತ್ರ ಅಷ್ಟೇ ಇದ್ದರು. ಫ್ಯಾನು ತಿರುಗದು. ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂಬುದು ಬಂದ ಮೇಲೆ ತಿಳಿಯುವುದು. ಮೈಕಿನಲ್ಲಿ ಒಬ್ಬ ಹೆಂಗಸು ದಿನಾ ತಡವಾದದ್ದಕ್ಕೆ ವಿಷಾದಿಸುತ್ತಿದ್ದಳು, ಮದುವೆಗೆ ಕರೆಯುವವಳಷ್ಟು ಸಂತೋಷದಿಂದ.

ಹೀಗೊಂದು ಸಂಜೆ ಗಿರಾಕಿಗಳಿಲ್ಲದ ಹೊತ್ತು ನೋಡಿ ಬೀರು ಹಸಿರು ಆರಾಮಕುರ್ಚಿಯಲ್ಲಿ ಕೂತ. ಹಿಂದಕ್ಕೆ ವಾಲಿದರೆ ಕಾಲನ್ನು ತಾನಾಗಿ ಮೇಲೆತ್ತುವ ಕುರ್ಚಿ ಅದು. ಕಾಲು ಮೇಲೆದ್ದಿತು, ಕಣ್ಣು ಮುಚ್ಚಿತು, ಸ್ವರ್ಗ ಮೂರೇ ಗೇಣು ಅನ್ನಿಸಿತು. ಕಣ್ಣು ಬಿಟ್ಟರೆ ಎದುರಿಗೆ ಮಾಲೀಕರು.

"ಇದು ಮಾರೋ ಕುರ್ಚಿ ಕಣಯ್ಯ, ಕೂರೋ ಕುರ್ಚಿಯಲ್ಲ" ಎಂದರು ಅವರು.

ಅವತ್ತು ಸಂಜೆ ಟ್ರೇನಿನಲ್ಲಿ ಯಾರದೋ ಮೊಣಕೈ ಕಿವಿಗೂ ಯಾರದೋ ಟಿಫಿನ್ ಡಬ್ಬಿ ಸೊಂಟಕ್ಕೂ ಒತ್ತುತ್ತಿದ್ದಾಗ ಬೀರು ತೀರ್ಮಾನಿಸಿದ. ಆ ಕುರ್ಚಿ ತನ್ನ ಮನೆಗೆ ಬರಬೇಕು.

ಯೋಜನೆ ತಾನಾಗಿ ಅರಳಿತು. ಅಂಗಡಿಯ ಹಿಂಬಾಗಿಲ ಚಿಲಕ ಸಡಿಲ. ಸರಿಯಾಗಿ ಭುಜ ಕೊಟ್ಟರೆ ತೆರೆದುಕೊಳ್ಳುತ್ತದೆ, ಎಳೆದರೆ ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಳ್ಳುತ್ತದೆ. ಕಾವಲುಗಾರ ಬೆಳಗಾಗುತ್ತಲೇ ಮನೆಗೆ ಹೋಗುತ್ತಾನೆ. ಕೆಲಸದವರೆಲ್ಲ ಬರುವುದು ತಡವಾಗಿ ಬರುವ ಆ ಟ್ರೇನಿನಲ್ಲೇ. ನಡುವೆ ಅಂಗಡಿಗೆ ದಿಕ್ಕುದೆಸೆ ಇಲ್ಲ. ಸಾಮಾನು ಸಾಗಿಸಲು ಹೆಂಡತಿಯ ತಮ್ಮನ ಗೂಡ್ಸ್ ಆಟೋ ಇದ್ದೇ ಇತ್ತು.

ಆದರೆ ಬೀರು ಬರೀ ಕಳ್ಳನಾಗಲು ಹೊರಟವನಲ್ಲ, ಸಿಕ್ಕಿಬೀಳದ ಕಳ್ಳನಾಗಲು ಹೊರಟವನು. ಆ ಹೊತ್ತಿಗೆ ತಾನು ಟ್ರೇನಿನಲ್ಲಿದ್ದೆ ಎಂದುಬಿಟ್ಟರೆ ಮುಗಿಯಿತು. ಇಲ್ಲ ಎನ್ನಲು ಯಾರಿಂದ ಸಾಧ್ಯ? ಅಂಗಡಿಯ ಕ್ಯಾಷಿಯರ್ ಅಕ್ಕ ಅದೇ ಡಬ್ಬಿಯಲ್ಲಿ ಬರುತ್ತಾಳೆ ನಿಜ. ಆದರೆ ಅಲ್ಲಿ ಯಾರ ಮುಖವೂ ಯಾರಿಗೂ ಕಾಣದು, ಪಕ್ಕದವನ ಕಂಕುಳೇ ಪ್ರಪಂಚ. ಸಮುದ್ರದಲ್ಲಿ ಒಂದು ಚೊಂಬು ನೀರು ಕಡಿಮೆಯಾದರೆ ಯಾವ ಮೀನು ಲೆಕ್ಕ ಇಡುತ್ತದೆ? ಇಷ್ಟು ವರ್ಷ ಹಿಂಡಿ ಹಿಪ್ಪೆ ಮಾಡಿದ ಟ್ರೇನು ಕೊನೆಗೂ ಉಪಕಾರಕ್ಕೆ ಬಂತಲ್ಲ ಎಂದು ಅವನಿಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತು.

ಗೊತ್ತುಮಾಡಿದ ಬೆಳಗ್ಗೆ ಬೀರು ಟ್ರೇನು ಬಿಟ್ಟು ಆ ಆಟೋದಲ್ಲೇ ಬಂದಿಳಿದ. ಎಲ್ಲವೂ ಹೂವೆತ್ತಿದಂತೆ ನಡೆಯಿತು. ಕುರ್ಚಿ ಆಟೋ ಏರಿತು.

"ಭಾವ, ಬಿಲ್ಲು?" ಎಂದ ಬಾಮೈದ.

"ದೊಡ್ಡ ಅಂಗಡಿಯೋರು ಬಿಲ್ಲು ಮನೆಗೇ ಕಳಿಸ್ತಾರೆ. ನೀನು ಹೊರಡು, ನಿಮ್ಮಕ್ಕನಿಗೂ ಅಷ್ಟೇ ಹೇಳು."

ಬಾಮೈದ ಕುರ್ಚಿಯೊಂದಿಗೆ ಮನೆ ಕಡೆಗೆ ಹೋದ. ಬೀರು ಸ್ಟೇಷನ್ನಿಗೆ ನಡೆದ. ಅಲ್ಲಿ ಟೀ ಅಂಗಡಿಯ ಹಿಂದೆ ನಿಂತು ವೇಷ ತೊಟ್ಟ. ಇಸ್ತ್ರಿ ಮಾಡಿದ ಅಂಗಿಯನ್ನು ಮುದುರಿ ಮುದ್ದೆ ಮಾಡಿದ. ಒಂದು ಗುಂಡಿ ಕಿತ್ತ. ಎಡಗಾಲಿನಿಂದ ಬಲ ಬೂಟನ್ನೂ ಬಲಗಾಲಿನಿಂದ ಎಡ ಬೂಟನ್ನೂ ತುಳಿದುಕೊಂಡ. ತಲೆಗೂದಲು ಮಾತ್ರ ಎಷ್ಟು ಕೆದರಿದರೂ ಸಾಲದೆನ್ನಿಸಿತು, ಕಲಾವಿದನಿಗೆ ತೃಪ್ತಿ ಎಲ್ಲಿಯದು. ಟ್ರೇನು ಬಂದು ಜನ ಹೊರಗೆ ಸುರಿದಾಗ ಅವರೊಳಗೆ ಸೇರಿಕೊಂಡು, ಕ್ಯಾಷಿಯರ್ ಅಕ್ಕನಿಂದ ಸಾಕಷ್ಟು ಹಿಂದೆ ಏದುಸಿರು ಬಿಡುತ್ತ ನಡೆದ.

ಅಂಗಡಿಯಲ್ಲಿ ಹಸಿರು ಕುರ್ಚಿ ಇದ್ದ ಜಾಗದಲ್ಲಿ ಧೂಳಿನ ಚೌಕ ಮಾತ್ರ ಉಳಿದಿತ್ತು. ಮಾಲೀಕರು ತಲೆ ಮೇಲೆ ಕೈ ಹೊತ್ತರು. ಇನ್ಸ್‌ಪೆಕ್ಟರ್ ಬಂದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದರು. ಬೀರುವಿನ ಸರದಿ ಬಂದಾಗ ಅವನ ಎದೆ ಒಂದಿಷ್ಟೂ ಹೊಡೆದುಕೊಳ್ಳಲಿಲ್ಲ.

"ಟ್ರೇನಲ್ಲಿದ್ದೆ ಸಾರ್. ಅಬ್ಬಬ್ಬಾ, ಈವತ್ತಿನ ರಶ್ಶು ಜನ್ಮದಲ್ಲಿ ಕಂಡಿಲ್ಲ. ನೋಡಿ, ಗುಂಡಿ ಕಿತ್ತೋಯ್ತು. ಉಸಿರಾಡೋಕೂ ಜಾಗ ಇರಲಿಲ್ಲ." ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳಿದ, "ಬೇಕಾದ್ರೆ ಅಕ್ಕನ್ನೇ ಕೇಳಿ, ಅವರೂ ಅದೇ ಡಬ್ಬೀಲಿ ಬಂದ್ರು."

ಅಕ್ಕ ಒಳ್ಳೆಯವಳು, ಯಾರಿಗೂ ಕೇಡು ಬಯಸಿದವಳಲ್ಲ. ಬೆಳಗಿನಿಂದ ಯಾರಿಗಾದರೂ ಹೇಳಬೇಕೆಂದು ಕಾಯುತ್ತಿದ್ದ ಸಂತೋಷದ ಸುದ್ದಿ ಅವಳ ಬಾಯಿಂದ ಉಕ್ಕಿತು. "ಏನು ಪುಣ್ಯಾನೋ ಸಾರ್, ನಾನು ಓಡಾಡೋಕೆ ಶುರುಮಾಡಿದ ಮೇಲೆ ಮೊದಲನೇ ಸಲ ಈವತ್ತು ನಮ್ಮ ಡಬ್ಬಿ ಬಾಗಿಲು ಮುಚ್ಚಿಕೊಳ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ವಿ. ದಿನಾ ನಿಂತು ಬರೋ ಮೂರು ಜನ ಕೆಳಗೆ ಕೂತ್ಕೊಂಡೇ ಬಂದ್ವಿ, ಒಬ್ಬರು ಪೇಪರ್ ಬಿಡಿಸಿ ಓದಿದ್ರು. ಅದೇನು ಕಡಿಮೆಯಾಗಿತ್ತು ಅಂತ ಇಡೀ ಡಬ್ಬಿ ದಾರಿಯುದ್ದಕ್ಕೂ ಯೋಚಿಸ್ತಾನೇ ಇತ್ತು." ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ನಿಧಾನವಾಗಿ ತಲೆ ಎತ್ತಿದರು. ಬೀರುವನ್ನು ನೋಡಿದರು, ಮೇಲಿನಿಂದ ಕೆಳಕ್ಕಲ್ಲ, ಎಡದಿಂದ ಬಲಕ್ಕೆ.