ದೋಹಾದಿಂದ ಎಂಟು ಗಂಟೆ

"ದೋಹಾದಿಂದ ಕಾಸಾಬ್ಲಾಂಕಾಗೆ ಎಷ್ಟು ಹೊತ್ತು ಮೇಡಂ?" ಎಂದು ಯಾರೇ ಕೇಳಲಿ, ಕಂಪ್ಯೂಟರಿಗಿಂತ ಮೊದಲೇ ನಾನು ಉತ್ತರಿಸುತ್ತಿದ್ದೆ. ಐದು ಸಾವಿರದ ಏಳುನೂರು ಕಿಲೋಮೀಟರ್, ಸುಮಾರು ಎಂಟು ಗಂಟೆ. ಟ್ರಾವೆಲ್ ಏಜೆನ್ಸಿಯ ಕೆಲಸ ಎಂದಲ್ಲ, ನಾನು ಕಾಸಾಬ್ಲಾಂಕಾದಲ್ಲಿ, ಜವಾದ್ ದೋಹಾದಲ್ಲಿ, ಅದಕ್ಕೆ. ಮೂರು ವರ್ಷದಿಂದ ಅಲ್ಲೊಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ. ಈ ಈದ್‌ಗೆ ಬಂದು, ತಾಯಿಯ ಜೊತೆ ನಮ್ಮ ಮನೆಗೆ ಹೆಣ್ಣು ಕೇಳಲು ಬರುತ್ತೇನೆ ಎಂದು ಮಾತು ಕೊಟ್ಟಿದ್ದ.

ರಂಜಾನಿನಲ್ಲಿ ದಿನಾ ನಾವು ಉಪವಾಸ ಬಿಡುವುದಕ್ಕೆ ತುಸು ಮೊದಲು ಫೋನ್ ಮಾಡುತ್ತಿದ್ದ. ದೋಹಾದಲ್ಲಿ ಸೂರ್ಯ ನಮಗಿಂತ ಸುಮಾರು ನಾಲ್ಕು ಗಂಟೆ ಮೊದಲೇ ಮುಳುಗುತ್ತಾನೆ. ತಾನು ಹೊಟ್ಟೆ ತುಂಬಿಸಿಕೊಂಡು, ಹಸಿದ ನನ್ನನ್ನು ರೇಗಿಸುವುದೆಂದರೆ ಅವನಿಗೆ ಎಲ್ಲಿಲ್ಲದ ಖುಷಿ.

ಆಮೇಲೆ ಮೂರು ದಿನ ಫೋನೇ ಇಲ್ಲ. ನಾಲ್ಕನೇ ಸಂಜೆ ತಡೆಯಲಾರದೆ ನಾನೇ ಮಾಡಿದೆ.

"ಏನ್ ತಿಂದೆ ಕಳ್ಳ?"

"ಕುರಿ ಮಾಂಸ, ಅನ್ನ. ಘಮ ಬರ್ತಿಲ್ವಾ ನಿಂಗೆ?"

"ಈದ್‌ಗೆ ಬಾ, ಮಾಡ್ತೀನಿ ನಿಂಗೆ!"

ಅವನು ನಗಲಿಲ್ಲ. "ಗಿಜ್ಲಾನ್, ರಜ ಸಿಗ್ಲಿಲ್ಲ ಕಣೇ. ಹತ್ರ ಇದ್ದಿದ್ರೆ ಓಡಿ ಬರ್ತಿದ್ದೆ. ಎಂಟು ಗಂಟೆ ದಾರಿ, ಏನ್ ಮಾಡ್ಲಿ ಹೇಳು?"

ನನಗೆ ಅಳು ಬಂತು. ಅಷ್ಟರಲ್ಲಿ ಉಪವಾಸ ಬಿಡುವ ಸೈರನ್ ಕೂಗಿತು. ನಮ್ಮೂರಲ್ಲಿ ಹುಟ್ಟಿದವರಿಗೆ ಅದು ಕೇಳಿದರೆ ಸಾಕು, ಕೈ ತಾನಾಗಿಯೇ ಖರ್ಜೂರಕ್ಕೆ ಹೋಗುತ್ತದೆ. ಫೋನಿನೊಳಗೂ ಅದೇ ಸೈರನ್ ಕೂಗುತ್ತಿತ್ತು.

"ಬಿಸ್ಮಿಲ್ಲಾ," ಎಂದ ಜವಾದ್. ಖರ್ಜೂರ ಅಗಿಯುವ ಸದ್ದು ಕೇಳಿಸಿತು. ಆಮೇಲೆ ಆ ಸದ್ದು ಥಟ್ಟನೆ ನಿಂತಿತು.

"ನಾಲ್ಕು ಗಂಟೆ ಹಿಂದೆ ಉಂಡವನು ಈಗ ಉಪವಾಸ ಬಿಟ್ಯಾ?" ಎಂದೆ. "ಎಲ್ಲಿದ್ದೀಯ ಜವಾದ್?"

"ಅಮ್ಮನ ಮನೇಲಿ. ಬಂದು ಮೂರು ದಿನ ಆಯ್ತು."

ಅವನ ತಾಯಿಯ ಮನೆ ನಮ್ಮಲ್ಲಿಂದ ಟ್ಯಾಕ್ಸಿಗೆ ಹದಿನೈದು ನಿಮಿಷ. ಎಲ್ಲರೂ ಊಟಕ್ಕೆ ಕೂತು ರಸ್ತೆ ಖಾಲಿಯಿರುವ ಆ ಹೊತ್ತಿನಲ್ಲಿ ಹತ್ತೇ ಸಾಕು.

"ನಂಗ್ಯಾಕೆ ಹೇಳ್ಲಿಲ್ಲ?"

"ಯಾವ ಬಾಯಲ್ಲಿ ಹೇಳ್ಲಿ? ಈದ್ ಆದ್ಮೇಲೆ ನನ್ನ ನಿಶ್ಚಿತಾರ್ಥ. ಚಿಕ್ಕಪ್ಪನ ಮಗಳ ಜೊತೆ. ಅಮ್ಮ ಹಟ ಹಿಡಿದ್ಳು. ನಾನೂ ಒಪ್ಕೊಂಡೆ."

"ನಾನೇ ಬರ್ತೀನಿ ಇರು. ನನ್ನ ಮುಖ ನೋಡಿ ಹೇಳು."

"ಬೇಡ, ಬರ್ಬೇಡ. ಚಿಕ್ಕಪ್ಪನ ಮನೆಯವ್ರೆಲ್ಲ ಇಲ್ಲೇ ಇದ್ದಾರೆ."

ಅವನ ಹಿಂದಿನಿಂದ ಹುಡುಗಿಯೊಬ್ಬಳ ದನಿ ಕೇಳಿತು. "ಸೂಪು ಆರ್ತಿದೆ ಜವಾದ್. ಯಾರದು ಫೋನು?"

"ದೋಹಾದಿಂದ," ಎಂದ ಅವಳಿಗೆ, ಒಂದಿಷ್ಟೂ ತಡವರಿಸದೆ. "ಹೋಟೆಲಿನವ್ರು."

ಫೋನ್ ಕಟ್ ಆಯಿತು. ಅಡುಗೆಮನೆಯಿಂದ ಬಟ್ಟಲು ಹಿಡಿದು ಬಂದ ಅಮ್ಮ, "ಏನಂತೆ, ಯಾವತ್ತು ಬರ್ತಾನಂತೆ?" ಎಂದಳು. ಆ ಕ್ಷಣ ಅವನು ಮತ್ತೆ ಫೋನ್ ಮಾಡಿ ಬಾ ಎಂದಿದ್ದರೆ ಚಪ್ಪಲಿ ಕೂಡ ಹಾಕದೆ ಓಡಿಹೋಗುತ್ತಿದ್ದೆ. ಅವನು ಮಾಡಿದ ಮೋಸಕ್ಕಿಂತ ನನಗೆ ಇವತ್ತಿಗೂ ನಾಚಿಕೆ ತರುವುದು ಅದೇ.